ತೊಡೆ ತಟ್ಟಿ ಎದ್ದ ಆರ್ಲಿಸ್

ಆರ್ಲಿಸ್ ಕುಫಾಲ್ ಬಾಯಿ ಬಿಟ್ಟು ಏನನ್ನಾದರೂ "ಚೆನ್ನಾಗಿದೆ" ಎಂದು ಹೊಗಳಿದ್ದನ್ನು ಕೇಳಿದವರು ನಮ್ಮ ಮ್ಯಾರಥಾನ್ ಕೌಂಟಿಯಲ್ಲಿ ಯಾರಾದರೂ ಇದ್ದರೆ ಕೈ ಎತ್ತಲಿ. ಯಾರೂ ಎತ್ತುವುದಿಲ್ಲ, ನನಗೆ ಗೊತ್ತು. ಎಲ್ಮರ್ ಕುಫಾಲ್ ಹಿಮದಲ್ಲಿ ಮಂಡಿಯೂರಿ, ಉಂಗುರ ಹಿಡಿದು, ಮದುವೆಯಾಗುತ್ತೀಯಾ ಎಂದು ಕೇಳಿದಾಗ ಅವಳು ಕೊಟ್ಟ ಉತ್ತರ "ಆಗಬಹುದೇನೋ" ಎಂಬುದು. ಮೊದಲ ಹೆರಿಗೆಯಲ್ಲಿ ಅವಳಿ ಹುಟ್ಟಿದವು. ನರ್ಸ್ ಎರಡನ್ನೂ ತಂದು ಎದೆಯ ಮೇಲಿಟ್ಟಳು. ಆರ್ಲಿಸ್ ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು, ಬಹಳ ಹೊತ್ತು ಯೋಚಿಸಿ "ಪರವಾಗಿಲ್ಲ" ಎಂದಳು. ಆ ಮಾತು ಕೇಳಿ ಎಲ್ಮರ್ ಹೊರಗೆ ಹೋಗಿ ಆನಂದದಿಂದ ಅತ್ತನಂತೆ.

ಯಾಕೆಂದರೆ ನಮ್ಮಲ್ಲಿ "ಪರವಾಗಿಲ್ಲ" ಎಂಬುದರ ಮೇಲೆ ಇನ್ನೊಂದು ಹೊಗಳಿಕೆಯಿಲ್ಲ. ಅದೇ ಶಿಖರ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿರುವುದು "ಇದಕ್ಕಿಂತ ಕೆಟ್ಟದ್ದೂ ನೋಡಿದ್ದೀನಿ". ತನ್ನ ವಸ್ತುವನ್ನು ತಾನೇ ಚೆನ್ನಾಗಿದೆ ಎನ್ನುವವನನ್ನು ನಾವು ಮನೆಯೊಳಗೆ ಕರೆಯುತ್ತೇವೆ, ಕಾಫಿ ಕೊಡುತ್ತೇವೆ, ಅವನು ಹೋದಮೇಲೆ ಚಮಚ ಎಣಿಸುತ್ತೇವೆ.

ಇನ್ನೊಂದು ರೂಢಿಯನ್ನೂ ಈಗಲೇ ಹೇಳಿಬಿಡುತ್ತೇನೆ, ಮುಂದೆ ಅದರಿಂದಲೇ ಎಲ್ಲ ಆಗುವುದು. ಬೇರೆ ಕಡೆ ತೊಡೆ ತಟ್ಟಿದರೆ ಕುಸ್ತಿಗೆ ಬಾ ಎಂದರ್ಥ. ನಮ್ಮಲ್ಲಿ, ಇನ್ನು ಹೊರಡುತ್ತೇನೆ ಎಂದರ್ಥ. ನೆಂಟರ ಮನೆಯಲ್ಲಿ ಕುಳಿತಿದ್ದು ಸಾಕೆನಿಸಿದಾಗ ಎರಡೂ ಅಂಗೈಯಿಂದ ಎರಡೂ ತೊಡೆಗೆ ಪಟ್ಟೆಂದು ಬಡಿದು "ಸರಿ ಹಾಗಾದ್ರೆ" ಎನ್ನಬೇಕು. ಹಾಗೆಂದವರು ಹೊರಟೇಬಿಟ್ಟರು ಎಂದು ಮಾತ್ರ ತಿಳಿಯಬೇಡಿ. ಅಲ್ಲಿಂದ ಬಾಗಿಲಿಗೆ ಬಂದು ನಿಲ್ಲಬೇಕು, ಹವಾಮಾನದ ಮಾತಾಡಬೇಕು. ಮೆಟ್ಟಿಲಿಗೆ ಇಳಿದು ಮೊಣಕಾಲಿನ ನೋವಿನ ಮಾತಾಡಬೇಕು. ಕಾರಿನಲ್ಲಿ ಕೂತು ಕಿಟಕಿ ಇಳಿಸಿ, ಅಸಲಿಗೆ ಯಾವ ವಿಷಯಕ್ಕೆ ಬಂದಿದ್ದೆವೋ ಅದನ್ನು ಆಗ ನೆನಪಿಸಿಕೊಳ್ಳಬೇಕು. ತೊಡೆ ತಟ್ಟಿದ ಮೇಲೆ ಅರ್ಧ ಗಂಟೆಯೊಳಗೆ ಜಾಗ ಖಾಲಿ ಮಾಡಿದವರ ಬಗ್ಗೆ ಊರವರು "ಏನಾದ್ರೂ ಮನಸ್ತಾಪವಾ?" ಎಂದು ವಿಚಾರಿಸುತ್ತಾರೆ. ಆರ್ಲಿಸ್ ಈ ವಿದ್ಯೆಯಲ್ಲಿ ಪಳಗಿದವಳು. ಕುಳಿತಾಗ ಅವಳ ಬಾಯಿಂದ ಮಾತು ಹೊರಡುವುದಿಲ್ಲ. ಬಾಗಿಲಲ್ಲಿ ನಿಂತಳೋ, ನಿಲ್ಲುವುದಿಲ್ಲ.

ಕುಫಾಲರು ಬೆಳೆಯುವುದು ಜಿನ್ಸೆಂಗ್ ಎಂಬ ಔಷಧಿ ಬೇರು. ನೆರಳು ಪರದೆಯ ಕೆಳಗೆ, ಹುಲ್ಲು ಹೊದಿಸಿ, ನಾಲ್ಕು ವರ್ಷ ಮಗುವಿನ ಹಾಗೆ ಕಾಯ್ದು, ಅಗೆದು, ಒಣಗಿಸಿ, ದಪ್ಪ ರಟ್ಟಿನ ಪೀಪಾಯಿಗೆ ತುಂಬಿಡುವುದು. ನಮ್ಮಲ್ಲಿ ಅದನ್ನು ತಿನ್ನುವವರು ಇಲ್ಲ. ತಿನ್ನುವವರೆಲ್ಲ ಭೂಮಿಯ ಆ ಬದಿಗೆ, ಹಾಂಗ್‌ಕಾಂಗ್ ಕಡೆಗೆ. ಅಲ್ಲಿಂದ ಪ್ರತಿ ಅಕ್ಟೋಬರ್‌ನಲ್ಲಿ ಶೆಕ್ ವಿಂಗ್-ಫಾಯ್ ಎಂಬ ವ್ಯಾಪಾರಿ ನಮ್ಮ ಮೊಸಿನಿಯ ಪುಟ್ಟ ನಿಲ್ದಾಣದಲ್ಲಿ ಸಂಜೆಯ ವಿಮಾನದಿಂದ ಇಳಿಯುತ್ತಿದ್ದ. ನಿಲ್ದಾಣ ಎಷ್ಟು ಪುಟ್ಟದೆಂದರೆ ಅವನು ಸೂಟ್‌ಕೇಸ್ ಎತ್ತಿಕೊಳ್ಳುವ ಮೊದಲೇ ಇಡೀ ಕೌಂಟಿಗೆ ಸುದ್ದಿ ಮುಟ್ಟಿರುತ್ತಿತ್ತು. "ಶೆಕ್ ಬಂದ, ಇನ್ನು ಚೆಕ್ ಬಂತು" ಎಂದು ಎಲ್ಮರ್ ವರ್ಷಕ್ಕೊಮ್ಮೆ ಹಾಸ್ಯ ಮಾಡುತ್ತಿದ್ದ. ಅವನ ವರ್ಷದ ಹಾಸ್ಯ ಅಲ್ಲಿಗೆ ಮುಗಿಯಿತು.

ಶೆಕ್ ಬಂದು ಯಂತ್ರದ ಕೊಟ್ಟಿಗೆಯಲ್ಲಿ ಮಡಚುವ ಕುರ್ಚಿಯ ಮೇಲೆ ಕೂರುತ್ತಿದ್ದ. ಒಂದು ಬೇರು ಎತ್ತಿ ಮೂಸಿ, ಚಟ್ಟನೆ ಮುರಿದು, ಬಾಯಿಗೆ ಹಾಕಿ ಅಗಿಯುತ್ತಿದ್ದ. ಮೊದಲು ಕಹಿ, ಆಮೇಲೆ ಎಲ್ಲೋ ಗಂಟಲ ಹಿಂದೆ ಸಿಹಿ ಬರಬೇಕು. ಅಗಿಯುತ್ತಲೇ "ಗುಡ್?" ಎಂದು ಆರ್ಲಿಸಳನ್ನು ಕೇಳುತ್ತಿದ್ದ. ಆರ್ಲಿಸ್ "ಪರವಾಗಿಲ್ಲ" ಎನ್ನುತ್ತಿದ್ದಳು. ಶೆಕ್ ಅವಳ ಕಡೆ ಒಂದು ನೋಟ ಬೀರಿ ಬೆಲೆ ಹೇಳುತ್ತಿದ್ದ. ಒಳ್ಳೆಯ ವರ್ಷ ಒಳ್ಳೆಯ ಬೆಲೆ, ಸಾಧಾರಣ ವರ್ಷ ಸಾಧಾರಣ ಬೆಲೆ. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಗುರಿ ತಪ್ಪಲಿಲ್ಲ. ಎರಡೂ ಬಗೆಯ ವರ್ಷ ಅದೇ "ಪರವಾಗಿಲ್ಲ" ಎನ್ನುವವಳ ಬಾಯಿಂದ ಇವನು ಹೇಗೆ ಸತ್ಯ ಹಿಂಡುತ್ತಾನೆ ಎಂಬುದು ನಮಗೆಲ್ಲ ಒಗಟಾಗಿತ್ತು.

ಹೀಗಿರುವಾಗ ಎರಡು ಸಂಗತಿ ಒಟ್ಟಿಗೆ ನಡೆದವು. ಮೊಸಿನಿಗೆ ಬರುತ್ತಿದ್ದ ಸಂಜೆಯ ವಿಮಾನ ನಿಂತುಹೋಯಿತು, ಮಧ್ಯಾಹ್ನದ್ದೊಂದೇ ಉಳಿಯಿತು. ಅದನ್ನು ಹಿಡಿಯಬೇಕಾದರೆ ದಾರಿಯಲ್ಲಿ ಎಲ್ಲೋ ಒಂದು ರಾತ್ರಿ ತಂಗಬೇಕು. ಅತ್ತ ಶೆಕ್‌ನ ಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು. ಅಂಗಡಿ ಮಗಳು ವಾಯ್-ಯಾನ್‌ಳ ಕೈಗೆ ಬಂತು. ಟೊರಾಂಟೋದಲ್ಲಿ ಓದಿದ ಹುಡುಗಿ, ಚುರುಕು. "ಒಂದು ಬೇರು ಅಗಿಯೋಕೆ ಅರ್ಧ ಭೂಮಿ ಸುತ್ತಬೇಕಾ ಅಪ್ಪ? ಕಂಪ್ಯೂಟರ್ ಪರದೇಲೇ ನೋಡಿದ್ರಾಯ್ತು, ಎಲ್ಲಾ ಕಾಣತ್ತೆ" ಎಂದಳಂತೆ. ತಪ್ಪೇನು? ನಾನಾದರೂ ಹಾಗೇ ಅನ್ನುತ್ತಿದ್ದೆ.

ಆದರೆ ಆ ವರ್ಷದ ಬೆಳೆ ಸಾಮಾನ್ಯ ಬೆಳೆಯಲ್ಲ. ಜಿನ್ಸೆಂಗ್‌ಗೆ ಒಂದು ಕೆಟ್ಟ ಹಟವಿದೆ, ಒಮ್ಮೆ ಬೆಳೆದ ನೆಲದಲ್ಲಿ ಮತ್ತೆ ಬೆಳೆಯುವುದಿಲ್ಲ. ಕುಫಾಲರ ಜಮೀನಿನಲ್ಲಿ ಮುಟ್ಟದೆ ಉಳಿದಿದ್ದದ್ದು ಕೊಟ್ಟಿಗೆಯ ಹಿಂದಿನ ಒಂದೇ ತುಂಡು. ಅದರ ಬೇರೂ ಈಗ ಪೀಪಾಯಿಗೆ ಬಂದಿತ್ತು. ಎಲ್ಮರ್‌ನ ಅಜ್ಜ ಶುರುಮಾಡಿದ್ದು ಇಲ್ಲಿಗೆ ಕೊನೆ. ಶೆಕ್‌ನ ಅಂಗಡಿಯ ಮುಂದುಗಡೆ ಗಾಜಿನ ಭರಣಿಗಳ ಸಾಲಿದೆ, ಮೊದಲ ದರ್ಜೆಯ ಬೇರಿಗೆ ಮಾತ್ರ. ಅದರಲ್ಲೊಂದರ ಮೇಲೆ ಚೀನೀ ಅಕ್ಷರದಲ್ಲಿ "ಕುಫಾಲ್" ಎಂದು ಬರೆದಿದೆ ಎಂದು ಶೆಕ್ ಒಮ್ಮೆ ಫೋಟೋ ತೋರಿಸಿದ್ದ. ಕೊನೆಯ ಬೇರು ಆ ಭರಣಿಗೇ ಸೇರಬೇಕು ಎಂಬುದು ಆರ್ಲಿಸಳ ಆಸೆ. ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಆ ಫೋಟೋ ಫ್ರಿಜ್ಜಿನ ಮೇಲೆ ಅವಳಿ ಮಕ್ಕಳ ಫೋಟೋಗಿಂತ ಮೇಲೆ ಅಂಟಿಕೊಂಡಿತ್ತು.

ಶೆಕ್ ತೆಗೆದುಕೊಳ್ಳದಿದ್ದರೆ ಉಳಿಯುವವನು ಡುವೇನ್ ಪ್ಲಿಸ್ಕಾ. ನಮ್ಮೂರ ದಲ್ಲಾಳಿ. ಎಲ್ಲರ ಬೇರನ್ನೂ ಒಂದೇ ಗುಡ್ಡೆಗೆ ಸುರಿದು, ಸಲಿಕೆಯಲ್ಲಿ ತಿರುವಿ, ಹೆಸರಿಲ್ಲದ ಚೀಲಕ್ಕೆ ತುಂಬಿ ಕಳಿಸುವವನು.

ಪರದೆಯ ಭೇಟಿಯ ದಿನ ಆರ್ಲಿಸ್ ಚರ್ಚಿಗೆ ಹಾಕುವ ಕೋಟು ಹಾಕಿಕೊಂಡಳು. ಪಾದ್ರಿ ತಮ್ಮ ದೊಡ್ಡ ಹೆಡ್‌ಫೋನ್ ಎರವಲು ಕೊಟ್ಟಿದ್ದರು, ಹೆಲಿಕಾಪ್ಟರ್ ಓಡಿಸುವವರ ಹಾಗೆ ಎರಡೂ ಕಿವಿ ಪೂರ್ತಿ ಮುಚ್ಚುವಂಥದ್ದು. ಅಡುಗೆಮನೆಯ ಮೇಜಿನ ಮೇಲಿನ ಲ್ಯಾಪ್‌ಟಾಪ್‌ನಲ್ಲಿ ವಾಯ್-ಯಾನ್ ಕಾಣಿಸಿಕೊಂಡಳು.

"ಹಲೋ ಆರ್ಲಿಸ್ ಆಂಟಿ! ಈ ಸಲದ ಬೇರು ಹೇಗಿದೆ?"

"ಪರವಾಗಿಲ್ಲ."

"ಪರವಾಗಿಲ್ಲ ಅಂದ್ರೆ? ಹೋದ ಸಲಕ್ಕಿಂತ ಸ್ವಲ್ಪ ಕಮ್ಮಿನಾ?"

"ಇದಕ್ಕಿಂತ ಕೆಟ್ಟದ್ದೂ ನೋಡಿದ್ದೀವಿ."

"ಓಹೋ." ಹುಡುಗಿಯ ಮುಖ ಸಣ್ಣಗಾಯಿತು. "ಬಣ್ಣ?"

"ಇರೋ ಹಾಗಿದೆ."

"ರುಚಿ?"

"ಕಹಿ."

ಎಲ್ಮರ್ ನೆರವಿಗೆ ಬಂದು ಒಂದು ಬೇರನ್ನು ಕ್ಯಾಮೆರಾದ ಮೂಗಿಗೇ ಹಿಡಿದ.

"ಅಂಕಲ್, ಅದು ಬೇರಾ, ಬೆರಳಾ?"

"ಬೇರು," ಎಂದ ಎಲ್ಮರ್. ಆಮೇಲೆ ನ್ಯಾಯವಾಗಿ ಇನ್ನೊಂದನ್ನೂ ಹಿಡಿದು, "ಬೆರಳು ಇದು" ಎಂದ.

ವಾಯ್-ಯಾನ್ ಬಹಳ ವಿನಯದಿಂದ ಎರಡನೇ ದರ್ಜೆಯ ಬೆಲೆ ಹೇಳಿದಳು. ಭರಣಿಗೆ ಬೇಡ, ಹಿಂದಿನ ಗೋದಾಮಿಗೆ. ಈ ಹೊತ್ತಿಗೆ ಯಾರಾದರೂ "ತಾಯಿ, ಇದು ನಮ್ಮ ಮೂರು ತಲೆಮಾರಿನಲ್ಲೇ ಅತ್ಯುತ್ತಮ ಬೇರು" ಎಂದು ಹೇಳಬೇಕಿತ್ತು. ಹೇಳುವವರು ಯಾರು? ಅದು ಜಂಬ. ಆರ್ಲಿಸ್ "ನೋಡೋಣ" ಎಂದು ಹೆಡ್‌ಫೋನ್ ತೆಗೆದಿಟ್ಟಳು.

ಆ ಶುಕ್ರವಾರ ಊರಿನ ಮೀನೂಟದ ಹೋಟೆಲಿನಲ್ಲಿ ಎಲ್ಲರಿಗೂ ಸಂಗತಿ ಗೊತ್ತಾಗಿತ್ತು. ಡುವೇನ್ ಪ್ಲಿಸ್ಕಾ ಬ್ರಾಂಡಿಯ ಲೋಟ ಹಿಡಿದುಕೊಂಡೇ ಕುಫಾಲರ ಮೇಜಿಗೆ ಬಂದ.

"ಏನಮ್ಮ ಆರ್ಲಿಸ್, ಟೀವಿಲಿ ಬಂದ್ಯಂತೆ? ಎರಡನೇ ದರ್ಜೆ ಅಂದ್ರಂತಲ್ಲ. ನನ್ನ ಗುಡ್ಡೇಲಿ ಇನ್ನೂ ಜಾಗ ಇದೆ, ಸಲಿಕೆ ತೊಳೆದಿಡ್ಲಾ?"

"ನಿನ್ನ ಗುಡ್ಡೆಯಲ್ಲಿ ನಮ್ಮಪ್ಪನ ಕಾಲದ ಬೇರೂ ಇರ್ಬೇಕು ಡುವೇನ್," ಎಂದಳು ಆರ್ಲಿಸ್. "ಮೊದಲು ಅದನ್ನ ಮಾರು."

"ಸಿಟ್ಟು ಮಾಡ್ಕೋಬೇಡ ಮಾರಾಯ್ತಿ. ಶೆಕ್ ಇನ್ನು ಬರಲ್ಲ. ಸಂಜೆ ವಿಮಾನಾನೇ ಇಲ್ಲ."

"ಬರೋ ವಿಮಾನ ಇಲ್ಲದಿದ್ರೆ ಹೋಗೋ ವಿಮಾನ ಇರತ್ತಲ್ಲ," ಎಂದಳು ಆರ್ಲಿಸ್. ಎಂದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ವಿಮಾನದ ಒಳಗಿರಲಿ, ಅದರ ಏಣಿಯನ್ನೂ ಹತ್ತಿದವಳಲ್ಲ. ಎಲ್ಮರ್‌ನ ಮುಖ ನೋಡಿದಳು. ಎಲ್ಮರ್ ಮೀನು ನುಂಗಿ, "ಹೋಗ್ ಬಾ" ಎಂದ.

ಅವಳ ಪ್ರಯಾಣದ ಬಗ್ಗೆ ಅವಳು ನನಗೆ ಹೇಳಿದ್ದು ಒಂದೇ ವಾಕ್ಯ: "ಕುರ್ಚಿ ಪರವಾಗಿಲ್ಲ." ಉಳಿದದ್ದು ಬೇರೆಯವರಿಂದ ತಿಳಿದದ್ದು. ಒಂದು ಚೀಲದಲ್ಲಿ ಮಾದರಿ ಬೇರು, ಅದಕ್ಕೆ ಬೇಕಾದ ಸರ್ಕಾರಿ ಮುದ್ರೆ. ಇನ್ನೊಂದು ಚೀಲದಲ್ಲಿ ಒಂದು ತಟ್ಟೆ ಕುಂಬಳಕಾಯಿ ಕೇಕ್, ಹೊಸ ಜಾಗಕ್ಕೆ ಬರಿಗೈಯಲ್ಲಿ ಹೋಗುವುದುಂಟೇ ಎಂದು. ಆ ಕೇಕ್ ಸಾಗರ ದಾಟುವ ಮೊದಲೇ ಮೂರು ಸಾಲು ಪ್ರಯಾಣಿಕರಿಗೂ ಗಗನಸಖಿಯರಿಗೂ ಹಂಚಿಹೋಯಿತು. ಕೊನೆಯ ಒಂದು ತುಂಡು ಮಾತ್ರ ಉಳಿಯಿತು. ಕೊನೆಯ ತುಂಡು ತೆಗೆದುಕೊಳ್ಳುವುದು ನಮ್ಮಲ್ಲಿ ಹೇಸಿಗೆಯ ಕೆಲಸ, ಅರ್ಧ ಕತ್ತರಿಸಿ ಅರ್ಧ ಬಿಡಬೇಕು, ಮುಂದಿನವರು ಅದರಲ್ಲಿ ಅರ್ಧ. ಪಕ್ಕದಲ್ಲಿ ಕೂತಿದ್ದ ಹಾಂಗ್‌ಕಾಂಗಿನ ಮುದುಕಿಯೂ ಅದನ್ನು ಮುಟ್ಟಲೊಲ್ಲಳು. ಇಬ್ಬರೂ "ನೀವು ತಗೊಳ್ಳಿ, ನೀವು ತಗೊಳ್ಳಿ" ಎಂದು ಕೈಸನ್ನೆಯಲ್ಲೇ ಜಗಳಾಡಿಕೊಂಡು ಅರ್ಧ ಆಕಾಶ ಕಳೆದರಂತೆ. ವಿಮಾನ ಇಳಿದಾಗ ಆರ್ಲಿಸ್ ತೊಡೆ ತಟ್ಟಿ "ಸರಿ ಹಾಗಾದ್ರೆ" ಎಂದು ಎದ್ದು, ನಡುದಾರಿಯಲ್ಲಿ ನಿಂತು ಮುದುಕಿಯನ್ನು ಬೀಳ್ಕೊಡಲು ಶುರುಮಾಡಿದಳು. ಹಿಂದಿನ ಅಷ್ಟೂ ಸಾಲಿನವರು ನಮ್ಮ ಬೀಳ್ಕೊಡುಗೆ ಎಂದರೇನು ಎಂದು ಅವತ್ತು ಕಲಿತರು.

ಶೆಕ್‌ನ ಅಂಗಡಿ ಇರುವ ಬೀದಿಯಲ್ಲಿ ಎಲ್ಲ ಅಂಗಡಿಯಲ್ಲೂ ಒಣಗಿದ್ದೇ ಮಾರುತ್ತಾರೆ. ಬೇರು, ಮೀನು, ಅಣಬೆ, ಹೆಸರು ಹೇಳಲಾಗದ ಇನ್ನೇನೇನೋ. ಎದುರುಬದುರು ಅಂಗಡಿಗಳ ನಡುವೆ ಒಂದು ಟ್ರಕ್ ನುಸುಳುವಷ್ಟೇ ದಾರಿ. ಆರ್ಲಿಸ್ ಒಳಗೆ ಕಾಲಿಟ್ಟಾಗ ಮುದುಕ ಶೆಕ್ ಮೂಲೆಯಲ್ಲಿ, ಹೊಸ ಮಂಡಿಯನ್ನು ಸ್ಟೂಲಿನ ಮೇಲೆ ಚಾಚಿ, ಚಹಾ ಕುಡಿಯುತ್ತಿದ್ದ. ಅವಳನ್ನು ನೋಡಿ ಅವನ ಕಣ್ಣೆರಡೂ ಗೆರೆಯಾದವು. ವಾಯ್-ಯಾನ್ ಎದ್ದೇ ನಿಂತಳು.

"ಆಂಟಿ! ನೀವಿಲ್ಲಿ! ಒಂದು ಮೆಸೇಜ್ ಹಾಕಿದ್ರೆ ಸಾಕಿತ್ತಲ್ಲ!"

"ಏನಿಲ್ಲ," ಎಂದಳು ಆರ್ಲಿಸ್. ಹದಿನಾರು ಗಂಟೆ ಹಾರಿ ಬಂದಿದ್ದವಳು. "ಹೀಗೇ ಈ ಕಡೆ ಬಂದಿದ್ದೆ."

ಬೇರನ್ನು ಬಿದಿರಿನ ತಟ್ಟೆಗೆ ಸುರಿದರು. ವಾಯ್-ಯಾನ್ ಒಂದೊಂದೇ ಎತ್ತಿ ಮೂಗು ಮುರಿಯತೊಡಗಿದಳು. "ತೊಗಟೆ ಒರಟು ಆಂಟಿ." ಇನ್ನೊಂದು. "ಇದರ ಬಾಲ ಮುರಿದಿದೆ." ಮತ್ತೊಂದು. "ಬಣ್ಣ ಮಂಕು ಅನ್ಸಲ್ವಾ? ಇದೇನು ಇಷ್ಟು ಮೊಂಡು?"

ಆ ಬೀದಿಯಲ್ಲಿ ಮೂಗು ಮುರಿಯುವುದೆಂದರೆ ಮನಸ್ಸಾಗಿದೆ ಎಂದರ್ಥ. ಬೇಡದವರು "ಆಹಾ ಎಷ್ಟು ಚಂದ" ಎಂದು ಚಹಾ ಕುಡಿಸಿ ಸಾಗಹಾಕುತ್ತಾರೆ. ಬೇಕಾದವರು ಮಾತ್ರ ಕುಂದು ಹುಡುಕುತ್ತಾರೆ. ಹುಡುಗಿಗೆ ಆ ಬೇರು ಕೈಗೆ ಬಂದ ಕೂಡಲೇ ಇದನ್ನು ಬಿಡಬಾರದು ಎನಿಸಿತ್ತು. ಕ್ಯಾಮೆರಾದಲ್ಲಿ ಬೆರಳಿನ ಹಾಗೆ ಕಂಡದ್ದು ಇಲ್ಲಿ ಹತ್ತಿಯಷ್ಟು ಹಗುರ, ಮುರಿದರೆ ಪರಿಮಳ ಅಂಗಡಿಯ ತುಂಬ. ಆದರೆ ಇದೆಲ್ಲ ನಮ್ಮ ಆರ್ಲಿಸ್‌ಗೆ ಹೇಗೆ ಗೊತ್ತಾಗಬೇಕು? ಎದುರಿಗೇ ಕೂರಿಸಿಕೊಂಡು ಮಗುವಿನ ಮೂಗು ಮೊಂಡು, ಕಾಲು ಸೊಟ್ಟ ಎಂದ ಹಾಗಾಯಿತು ಅವಳಿಗೆ. ಮುಖದಲ್ಲಿ ಏನೂ ತೋರಿಸಲಿಲ್ಲ. ವಾಯ್-ಯಾನ್ ಕ್ಯಾಲ್ಕ್ಯುಲೇಟರ್ ಒತ್ತಿ ಒಂದು ಅಂಕಿ ತೋರಿಸಿದಳು. ಪರದೆಯಲ್ಲಿ ಹೇಳಿದ್ದಕ್ಕಿಂತ ಒಂದು ಕೂದಲು ಮೇಲೆ.

ಆರ್ಲಿಸ್ ಎರಡೂ ತೊಡೆಯನ್ನು ಪಟ್ಟೆಂದು ತಟ್ಟಿದಳು. "ಸರಿ ಹಾಗಾದ್ರೆ," ಎಂದು ಎದ್ದಳು.

ಮೂಲೆಯಲ್ಲಿ ಮುದುಕನ ಚಹಾ ಬಟ್ಟಲು ಗಾಳಿಯಲ್ಲೇ ನಿಂತಿತು. ಯುದ್ಧಕ್ಕೆ ಕರೆದಳು ಎಂದೇ ತಿಳಿದಳು ವಾಯ್-ಯಾನ್. ಅವಳ ತಲೆಯಲ್ಲಿ ಓಡಿದ್ದು ಒಂದೇ: ಇವಳು ಎದುರಂಗಡಿಗೆ ಹೊರಟಳು.

ಆರ್ಲಿಸ್ ಹೊರಡಲಿಲ್ಲ. ಚೀಲ ಹೆಗಲಿಗೆ ಹಾಕಿ ಹೋಗಿ ಬಾಗಿಲಲ್ಲಿ ನಿಂತಳು.

"ಇಲ್ಲಿ ಸೆಕೆ ಜಾಸ್ತಿ ಅಲ್ವಾ," ಎಂದಳು.

ವಾಯ್-ಯಾನ್ ಓಡಿಬಂದು ಕ್ಯಾಲ್ಕ್ಯುಲೇಟರ್ ಒತ್ತಿ ಹೊಸ ಅಂಕಿ ತೋರಿಸಿದಳು. ಆರ್ಲಿಸ್ ಅದನ್ನು ನೋಡಿದಳು. ಅದು ಅವಳು ಮನಸ್ಸಿನಲ್ಲಿ ಇಟ್ಟುಕೊಂಡು ಬಂದ ಬೆಲೆಯೇ! ಅಷ್ಟು ಸಂತೋಷವಾಯಿತು ಅವಳಿಗೆ. ಹಾಗಾಗಿ, "ಪರವಾಗಿಲ್ಲ" ಎಂದಳು.

ಪರವಾಗಿಲ್ಲವಂತೆ! ಹುಡುಗಿ ತುಟಿ ಕಚ್ಚಿದಳು.

ಅಷ್ಟರಲ್ಲಿ ಎದುರಂಗಡಿಯವನು ಹೊರಗೆ ಬಂದು, ಬೇರಿನ ಚೀಲ ಹೊತ್ತ ಬಿಳಿ ಹೆಂಗಸನ್ನು ಕಂಡು, ಕೈ ಬೀಸಿದ. ಯಾರು ಕೈ ಬೀಸಿದರೂ ತಿರುಗಿ ಬೀಸದಿದ್ದರೆ ನಮ್ಮವರಿಗೆ ನಿದ್ದೆ ಬರುವುದಿಲ್ಲ. ಆರ್ಲಿಸ್ ಬೀಸಿದಳು.

ಇನ್ನೊಂದು ಅಂಕಿ.

"ಪರವಾಗಿಲ್ಲ," ಎಂದಳು ಆರ್ಲಿಸ್, ಈ ಸಲ ಸ್ವಲ್ಪ ಉಸಿರು ಕಟ್ಟಿ. ಆಮೇಲೆ ಬಾಗಿಲ ಮಾತು ಮುಂದುವರಿಸಿದಳು. "ನಿಮ್ಮ ತಂದೆ ಮಂಡಿ ಹೇಗಿದೆ? ನಮ್ಮ ಎಲ್ಮರ್‌ಗೂ ಎಡಗಾಲು. ಹೌದು, ಆ ಎದುರಂಗಡಿ ಬಾಗಿಲಲ್ಲಿ ನೇತುಹಾಕಿರೋದು ಏನದು? ಒಳ್ಳೆ ಅಂಗಡಿ ಹಾಗಿದೆ."

ಎದುರಂಗಡಿಯವನು ಒಂದು ಸ್ಟೂಲು ತಂದು ಹೊರಗಿಟ್ಟ. ಅದರ ಮೇಲಿನ ಧೂಳನ್ನು ತನ್ನ ತೋಳಿನಿಂದಲೇ ಒರೆಸಿದ.

"ಅಯ್ಯೋ ಬೇಡ ಬೇಡ, ನಾನು ಹೊರಟೆ," ಎಂದು ಆರ್ಲಿಸ್ ಬೀದಿಯ ಕಡೆ ಒಂದು ಹೆಜ್ಜೆ ಇಟ್ಟಳು.

ವಾಯ್-ಯಾನ್ ಕ್ಯಾಲ್ಕ್ಯುಲೇಟರನ್ನು ಅವಳ ಮುಖಕ್ಕೇ ಹಿಡಿದಳು. ಅದರಲ್ಲಿದ್ದ ಅಂಕಿಯನ್ನು ನಾನು ಇಲ್ಲಿ ಬರೆಯುವುದಿಲ್ಲ, ಡುವೇನ್ ಪ್ಲಿಸ್ಕಾನಿಗೆ ರಕ್ತದೊತ್ತಡವಿದೆ. ಆರ್ಲಿಸ್ ಬಾಯಿ ತೆರೆದಳು. ಆ "ಪ" ಅಕ್ಷರ ತುಟಿಗೆ ಬರುವಷ್ಟರಲ್ಲಿ ಮೂಲೆಯಿಂದ ಶೆಕ್ ಕೂಗಿಕೊಂಡ, ತಮ್ಮ ಭಾಷೆಯಲ್ಲಿ:

"ಸಾಕು ನಿಲ್ಸೇ ಮಾರಾಯ್ತಿ! ಅಂಗಡೀನೇ ಬರ್ಕೊಡ್ತೀಯಾ? ಕಿವಿ ನೋಡೇ, ಕಿವಿ!"

"ಯಾರ ಕಿವಿ ಅಪ್ಪ?"

"ಅವಳದ್ದು! ಎರಡು ಬೆಲೆ ಹಿಂದೇನೇ ಕೆಂಪಾಗಿದೆ!"

ನಿಜ. ಆರ್ಲಿಸ್ ಕುಫಾಲಳ ಕಿವಿಗಳೆರಡೂ ಮೆಣಸಿನಕಾಯಿಯಾಗಿದ್ದವು. ಮನಸ್ಸಿಗೆ ಹಿಡಿಸಿದರೆ ಅವಳ ಕಿವಿ ಕೆಂಪಾಗುತ್ತದೆ. ಇಪ್ಪತ್ತು ವರ್ಷ ಶೆಕ್ ಅಗಿಯುತ್ತಿದ್ದದ್ದು ಬೇರನ್ನು, ಓದುತ್ತಿದ್ದದ್ದು ಆ ಕಿವಿಯನ್ನು. ನಾವು ನೆರೆಯವರು, ಎಲ್ಮರ್ ಗಂಡ, ನಮಗ್ಯಾರಿಗೂ ಹೊಳೆಯದ್ದು ಅದು. ಪರದೆಯ ಭೇಟಿಯ ದಿನ ಪಾದ್ರಿಯ ಹೆಡ್‌ಫೋನಿನ ಒಳಗೆ ಆ ಕಿವಿಗಳು ಹೇಗೆ ಉರಿಯುತ್ತಿದ್ದವೋ, ದೇವರಿಗೇ ಗೊತ್ತು.

"ಮೊದಲೇ ಹೇಳೋದಲ್ವಾ?" ಎಂದು ವಾಯ್-ಯಾನ್ ಅಪ್ಪನ ಮೇಲೆ ಹರಿಹಾಯ್ದಳು.

"ಪರದೇಲೇ ಎಲ್ಲಾ ಕಾಣತ್ತೆ ಅಂದ್ಯಲ್ಲ. ಕಣ್ಣೆದುರಿಗಾದ್ರೂ ಕಾಣತ್ತಾ ಅಂತ ನೋಡ್ತಿದ್ದೆ."

ತೋರಿಸಿದ ಅಂಕಿಯನ್ನು ಅಳಿಸುವ ವಾಡಿಕೆ ಆ ಬೀದಿಯಲ್ಲಿಲ್ಲ. ಆದರೆ ವಾಯ್-ಯಾನ್ ಶೆಕ್‌ನ ಮಗಳೇ ತಾನೆ, ಬೇಗ ಚೇತರಿಸಿಕೊಂಡಳು. "ಬೆಲೆ ಅದೇ ಆಂಟಿ. ಆದ್ರೆ ಒಂದು ಮಾತು. ಚೀಲಕ್ಕೆ ಒಳ್ಳೇದನ್ನೇ ಆರಿಸಿ ತಂದಿರಬಹುದು. ನಾನೇ ಬಂದು ಪೀಪಾಯಿ ತಳದವರೆಗೆ ನೋಡ್ತೀನಿ. ಇದೇ ತೂಕ, ಇದೇ ರುಚಿ ಇದ್ರೆ ಅಂಗಡಿ ಮುಂದುಗಡೆ ಭರಣಿಗೆ. ಇಲ್ದಿದ್ರೆ ವ್ಯಾಪಾರ ಇಲ್ಲ."

"ಬನ್ನಿ ಹಾಗಾದ್ರೆ," ಎಂದಳು ಆರ್ಲಿಸ್. ಚೀಲ ಇಳಿಸಿ, ಮತ್ತೆ ಕೂತು, ಚಹಾ ಕುಡಿದಳು. ಶೆಕ್ ತನಗೆ ಬರುವ ನಾಲ್ಕು ಇಂಗ್ಲಿಷ್ ಮಾತಿನಲ್ಲೇ ಮಗಳ ಮೂಗು ಮುರಿಯುವ ಗುಟ್ಟನ್ನು ಅವಳಿಗೆ ಬಿಡಿಸಿ ಹೇಳಿದ. ತನ್ನ ಕಿವಿಯನ್ನೂ ಮುಟ್ಟಿ ತೋರಿಸಿ ನಕ್ಕ. ಮುದುಕನಿಗೆ ಎರಡೂ ಕಡೆ ಆಟವಾಡಿಸುವ ಹುಚ್ಚು.

ನವೆಂಬರಿನ ಮಧ್ಯದಲ್ಲಿ ವಾಯ್-ಯಾನ್ ಮೊಸಿನಿಯಲ್ಲಿ ಇಳಿದಳು. ದಾರಿಯಲ್ಲಿ ಒಂದು ರಾತ್ರಿ ತಂಗಿ, ಮಧ್ಯಾಹ್ನದ ಆ ಒಂದೇ ವಿಮಾನದಲ್ಲಿ. ನಾನೇ ಹೋಗಿ ಕರೆತಂದೆ. ಈ ಕಥೆಯ ಹಾಂಗ್‌ಕಾಂಗಿನ ಭಾಗವನ್ನೆಲ್ಲ ಅವಳು ಕಾರಿನಲ್ಲಿ ಹೇಳಿದ್ದು, ಎರಡು ಕೈಯಿಂದಲೂ ಅಭಿನಯಿಸಿ. ಆದರೆ ಕುಫಾಲರ ಗೇಟು ಕಂಡ ಕೂಡಲೇ ಆ ಕೈಗಳನ್ನು ಮಡಿಲಿಗೆ ಇಳಿಸಿದಳು. "ತಳದಲ್ಲಿ ಕೆಟ್ಟದ್ದಿದ್ರೆ ನಾನು ಇಲ್ಲ ಅನ್ನಲೇಬೇಕು," ಎಂದಳು. "ಅಪ್ಪನ ಭರಣಿ ಅದು."

ಮರುದಿನ ಬೆಳಿಗ್ಗೆ ಕೊಟ್ಟಿಗೆಗೆ ಹೋದರೆ ಆರ್ಲಿಸ್ ಎಲ್ಮರ್‌ನ ಬೇಟೆಯ ಟೋಪಿ ಹಾಕಿ ನಿಂತಿದ್ದಳು. ಕಣ್ಣು ಕುಕ್ಕುವ ಕಿತ್ತಳೆ ಬಣ್ಣ, ಎರಡೂ ಕಡೆ ಇಳಿಬಿದ್ದ ದಪ್ಪ ರೆಕ್ಕೆ, ಗಲ್ಲದ ಕೆಳಗೆ ಗಂಟು. ಕಿವಿಯ ಸುಳಿವಿಲ್ಲ.

ವಾಯ್-ಯಾನ್ ಅದನ್ನು ನೋಡಿದಳು. "ಆಂಟಿ, ಟೋಪಿ ತೆಗೀತೀರಾ?"

"ಚಳಿ."

"ಹೀಟರ್ ಉರೀತಿದೆಯಲ್ಲ?"

"ಜಿಂಕೆ ಬೇಟೆ ಕಾಲ. ಕಿತ್ತಳೆ ಹಾಕ್ಕೊಳ್ದಿದ್ರೆ ಅಪಾಯ."

"ಕೊಟ್ಟಿಗೆ ಒಳಗೆ ನಿಮ್ಮನ್ನ ಯಾರು ಜಿಂಕೆ ಅನ್ಕೊಂಡು ಹೊಡೀತಾರೆ?"

"ಡುವೇನ್ ಇದ್ದಾನಲ್ಲ."

ಸರಿ, ಕಿವಿಯ ದಾರಿ ಮುಚ್ಚಿತು. ವಾಯ್-ಯಾನ್ ಕೋಟು ಬಿಚ್ಚಿ ತೋಳು ಮಡಚಿದಳು. ಗೋಡೆಯ ಮೂಲೆಯಲ್ಲಿದ್ದ, ಯಾರೂ ಆರಿಸದಂಥ ಪೀಪಾಯಿಯನ್ನು ಆರಿಸಿ, ಹೆಗಲವರೆಗೆ ಕೈ ಇಳಿಸಿ, ತಳದಿಂದ ಒಂದು ಬೇರು ಎಳೆದಳು. ಮೂಸಿದಳು. ಚಟ್ಟನೆ ಮುರಿದಳು. ಬಾಯಿಗೆ ಹಾಕಿಕೊಂಡಳು. ನಾವು ಮೂವರೂ ಅವಳ ದವಡೆಯನ್ನೇ ನೋಡುತ್ತ ನಿಂತೆವು. ಕಹಿಗೆ ಅವಳ ಮುಖ ಹಿಂಡಿತು. ಅಗಿದಳು. ಇನ್ನೂ ಅಗಿದಳು. ಎಲ್ಮರ್ ಮುರುಕು ಟ್ರ್ಯಾಕ್ಟರ್ ಭಾಗವೊಂದನ್ನು ಎತ್ತಿ ಸುಮ್ಮನೆ ಒರೆಸತೊಡಗಿದ. ಆಮೇಲೆ ನೋಡಿ, ಎಲ್ಲೋ ಗಂಟಲ ಹಿಂದಿನಿಂದ ಏನೋ ಬಂದ ಹಾಗೆ, ಅವಳ ಹುಬ್ಬು ನಿಧಾನವಾಗಿ ಮೇಲೇರಿತು.

ತಕ್ಷಣ ಇಳಿಸಿದಳು. "ತೊಗಟೆ ಒರಟು," ಎಂದಳು. "ಮೊಂಡು. ಬಾಲ ಮುರಿದಿದೆ. ಬಣ್ಣವೂ ಅಷ್ಟಕ್ಕಷ್ಟೆ."

ಒಂದೊಂದು ಕುಂದಿಗೂ ಆರ್ಲಿಸಳ ಮುಖ ಅರಳುತ್ತ ಹೋಯಿತು. ಕೊನೆಗೆ ತಾಳಲಾರದೆ ಗಲ್ಲದ ಗಂಟು ಬಿಚ್ಚಿ ಟೋಪಿ ಕಿತ್ತಳು. ಕಿವಿಗಳು ಟೋಪಿಗಿಂತ ಕೆಂಪಗಿದ್ದವು.

"ಚಳಿಗೋ?" ಎಂದಳು ವಾಯ್-ಯಾನ್.

"ಚಳಿಗೆ," ಎಂದಳು ಆರ್ಲಿಸ್.

ಉಳಿದ ಪೀಪಾಯಿಗಳನ್ನೂ ಹುಡುಗಿ ಬಿಡಲಿಲ್ಲ, ಎಲ್ಲದರ ತಳ ಮುಟ್ಟಿದಳು. ಊಟದ ಹೊತ್ತಿಗೆ ಇಬ್ಬರೂ ಕೈ ಕುಲುಕಿದರು. ಎಲ್ಮರ್ ಪ್ರತಿಯೊಂದರ ಮುಚ್ಚಳದ ಮೇಲೂ ಕಪ್ಪು ಬಣ್ಣದಲ್ಲಿ "ಕುಫಾಲ್" ಎಂದು ಬರೆದ. ದಪ್ಪ ಅಕ್ಷರ, ಕೊನೆಯ ಸಲ ಬರೆಯುವವನ ಹಾಗೆ ನಿಧಾನವಾಗಿ. ಆಮೇಲೆ ಅಡುಗೆಮನೆಯಲ್ಲಿ ಕಾಫಿ, ಕೇಕ್.

ವಿಮಾನದ ಹೊತ್ತಾಗುತ್ತಿತ್ತು. ನಾನು ಕಾರಿನ ಬೀಗದ ಕೈ ಅಲ್ಲಾಡಿಸಿದೆ. ವಾಯ್-ಯಾನ್ ನನ್ನನ್ನು ನೋಡಿ ಕಣ್ಣು ಮಿಟುಕಿಸಿ, ಎರಡೂ ತೊಡೆಯನ್ನು ಪಟ್ಟೆಂದು ತಟ್ಟಿದಳು.

"ಸರಿ ಹಾಗಾದ್ರೆ!"

ಎದ್ದಳು. ಹೋಗಿ ಬಾಗಿಲಲ್ಲಿ ನಿಂತಳು. ಹಿಮ ಬೀಳಬಹುದಾ ಎಂದು ಕೇಳಿದಳು. ಆರ್ಲಿಸ್ ಎದ್ದು ಅವಳ ಎದುರು ನಿಂತು, ಬೀಳಬಹುದು ಎಂದಳು. ಎಲ್ಮರ್‌ನ ಎಡಗಾಲು, ಶೆಕ್‌ನ ಬಲಗಾಲು, ಅವಳಿ ಮಕ್ಕಳು, ಎದುರಂಗಡಿಯವನ ಸ್ಟೂಲು, ಎಲ್ಲ ಬಂದು ಹೋದವು. ಮಾತು ಮೆಟ್ಟಿಲಿಗೆ ಇಳಿಯಿತು. ಚಳಿ ತಾಳದೆ ಮತ್ತೆ ಬಾಗಿಲಿಗೆ ಹತ್ತಿತು. ಎಷ್ಟು ಹೊತ್ತಾದರೂ ಹುಡುಗಿ ಹೋಗಲೊಲ್ಲಳು, ಆರ್ಲಿಸ್ ಬಿಡಲೊಲ್ಲಳು. ಕೊನೆಗೆ ಆರ್ಲಿಸ್‌ಗೇ ಸಂಕೋಚವಾಗಿ, ಮನೆಗೆಂದು ಎತ್ತಿಟ್ಟಿದ್ದ ಸಣ್ಣ ಡಬ್ಬಿ ಬೇರನ್ನು ಒಳಗಿನಿಂದ ತಂದು, "ಇದು ನಿಮ್ಮಪ್ಪನಿಗೆ, ಲೆಕ್ಕಕ್ಕಲ್ಲ" ಎಂದು ಅವಳ ಕೈಗೆ ತುರುಕಿದಳು. ವಾಯ್-ಯಾನ್ ಮೂರು ಸಲ ಬೇಡ ಎಂದು ನಾಲ್ಕನೇ ಸಲಕ್ಕೆ ತೆಗೆದುಕೊಂಡಳು. ಎಲ್ಲಿ ಕಲಿತಳೋ! ಅವರಲ್ಲೂ ಹಾಗೇ ಇರಬೇಕು.

ಮನೆಯ ಮೇಲೆ ಒಂದು ಸದ್ದು ಹಾದುಹೋಯಿತು. ಕಿಟಕಿಯ ಬಳಿ ಕೂತಿದ್ದ ಎಲ್ಮರ್ ತಲೆ ಎತ್ತಿ ನೋಡಿದ.

"ವಿಮಾನ ಹೋಯ್ತು," ಎಂದ.

"ಇನ್ನೊಂದು?" ಎಂದಳು ವಾಯ್-ಯಾನ್.

"ನಾಳೆ."

ವಾಯ್-ಯಾನ್ ಕೋಟು ಬಿಚ್ಚಿ ಮತ್ತೆ ಮೇಜಿಗೆ ಬಂದಳು. ತಟ್ಟೆಯಲ್ಲಿ ಕೇಕಿನ ಕೊನೆಯ ತುಂಡು ಉಳಿದಿತ್ತು. ಅಲ್ಲ, ಕೊನೆಯ ತುಂಡಿನ ಅರ್ಧದ ಅರ್ಧ. ಆರ್ಲಿಸ್ ತಟ್ಟೆಯನ್ನು ಅವಳತ್ತ ತಳ್ಳಿದಳು. ಅವಳು ಇತ್ತ ತಳ್ಳಿದಳು. ಒಬ್ಬರು ಚಾಕು ಎತ್ತಿದರು, ಇನ್ನೊಬ್ಬರು "ಅಯ್ಯೋ ನನಗೆ ಸಾಕು" ಎಂದರು. ಆ ತುಂಡು ಮೇಜಿನ ಮೇಲೆ ಹೋಗಿ ಬಂದು ಹೋಗಿ ಬಂದು ಸುಸ್ತಾಯಿತು.

ಎಲ್ಮರ್ ಕೈ ಚಾಚಿ ಅದನ್ನು ಎತ್ತಿ ಬಾಯಿಗೆ ಹಾಕಿಕೊಂಡುಬಿಟ್ಟ.

ಇಬ್ಬರು ಹೆಂಗಸರೂ ಬೆಚ್ಚಿಬಿದ್ದು ಅವನನ್ನೇ ನೋಡಿದರು. ಎಲ್ಮರ್ ಸಾವಕಾಶವಾಗಿ ಅಗಿದು, ನುಂಗಿ, ತುಟಿ ಒರೆಸಿಕೊಂಡ.

"ಪರವಾಗಿಲ್ಲ," ಎಂದ.